ಹಿಮದ ಮೇಲಿನ ಮೆರುಗೆಣ್ಣೆ

ಗೆಳೆಯಾ ಸಿದರಾಯ,

ನಿನ್ನ ಬೆಟ್ಟದ ಚಿತ್ರವನ್ನು ಕಳೆದ ತಿಂಗಳು ನಿನ್ನ ಮಗಳು ಸುಮಿತ್ರಾ ಹಳೇ ಸೀರೆಯಲ್ಲಿ ಸುತ್ತಿಕೊಂಡು ಮೂಡಲಗಿಯಿಂದ ಬಸ್ಸಿನಲ್ಲಿ ತಂದಳು. ಅಪ್ಪ ಹೋಗಿ ವರ್ಷವಾಯಿತು, ಇದನ್ನಾದರೂ ಸ್ವಚ್ಛ ಮಾಡಿಕೊಡಿ ಎಂದಳು. ಸೀರೆ ಬಿಚ್ಚಿದೆ. ಹೊಟ್ಟೆಯಲ್ಲಿ ಅದೇ ಹಳೇ ಉರಿ. ಸತ್ತವನ ಮೇಲೂ ಹೊಟ್ಟೆಕಿಚ್ಚು ಪಡುವವರು ಇರುತ್ತಾರೇನೋ?

ನೆನಪಿದೆಯಾ, ಹುಕ್ಕೇರಿಯ ಡ್ರಾಯಿಂಗ್ ಮಾಸ್ತರರು ನಮ್ಮಿಬ್ಬರ ಮುಂದೆ ಕ್ಯಾಲೆಂಡರಿನ ಆ ಹಾಳೆ ಇಟ್ಟಿದ್ದು? ಹತ್ತೊಂಬತ್ತನೆಯ ಶತಮಾನದಲ್ಲಿ ಯಾರೋ ಪರದೇಶದವನು ಎಣ್ಣೆಬಣ್ಣದಲ್ಲಿ ಬರೆದ ಬೆಟ್ಟದೂರು. ದೇವರಿಲ್ಲ, ಅರಮನೆಯಿಲ್ಲ. ಹಿಮದ ಬೆಟ್ಟ, ಕೆಳಗೆ ಕಟ್ಟಿಗೆಯ ಮನೆ, ತಿಪ್ಪೆ, ಸೌದೆ ಹೊತ್ತು ಬಾಗಿದ ಹೆಂಗಸು, ಕೆಸರಲ್ಲಿ ನಿಂತ ಆಕಳು. ಕಂಡದ್ದನ್ನು ಕಂಡ ಹಾಗೇ ಬರೆದಿದ್ದ. ಇಬ್ಬರೂ ನಕಲು ಮಾಡಿದೆವು. ನನ್ನ ಚಿತ್ರದ ಹೆಂಗಸು ನಮ್ಮ ಗೋಕಾಕದ ಗೊಂಬೆಯ ಹಾಗೆ ನೆಟ್ಟಗೆ ನಿಂತಳು. ನಿನ್ನವಳ ಸೊಂಟ ನೋಯುತ್ತಿತ್ತು. ಹಾಳೆಯಲ್ಲಿ ಮಾಸಿಹೋಗಿದ್ದ ಹಿಮದ ನೆರಳಿನ ನೀಲಿ, ಹಿಮವನ್ನೇ ಕಾಣದ ಕಬ್ಬಿನ ಹೊಲದವನಿಗೆ ಹೇಗೆ ಹೊಳೆಯಿತು? ಮಾಸ್ತರರು ನಿನ್ನ ಚಿತ್ರದ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು. ನನ್ನದನ್ನು ಚಲೋ ಆಗಿದೆ ಎಂದರು, ನಿಂತುಕೊಂಡೇ.

ಅವತ್ತು ಬಸ್ ಸ್ಟ್ಯಾಂಡಿನಲ್ಲಿ, ಇದು ಬಾಳಿಕೆ ಬರಲು ಏನು ಮಾಡಬೇಕೆಂದು ನೀನು ನನ್ನನ್ನೇ ಕೇಳಿದೆ. "ನಮ್ಮ ಗೊಂಬಿ ಮೆರುಗೆಣ್ಣಿ ಹಚ್ಚು, ಚಂದ ಹೊಳಿತೈತಿ," ಎಂದೆ. ಗೊಂಬೆ ಮಾಡುವ ಮನೆಯವನ ಮಾತು, ನೀನು ನಂಬಿದೆ. ಆ ಎಣ್ಣೆ ಹಚ್ಚಿದ ಬಿಳಿ ಹುಂಜದ ಗೊಂಬೆಗಳು ಕೆಲವೇ ವರ್ಷಗಳಲ್ಲಿ ಹಳದಿಯಾಗುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಆಮೇಲೆ ನಿಮ್ಮ ಮನೆಗೆ ಬಂದಾಗಲೆಲ್ಲ ಗೋಡೆ ನೋಡುತ್ತಿದ್ದೆ. ಹಿಮ ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು. "ನನಗ ಬಿಳಿ ಬಣ್ಣ ಕಲಸಾಕ ಬರಲಿಲ್ಲ ಬಿಡು," ಎಂದು ಒಮ್ಮೆ ನೀನು ನಕ್ಕೆ. ಮತ್ತೆ ಬ್ರಶ್ ಹಿಡಿಯಲಿಲ್ಲ. ನಾನು ಚಹಾ ಕುಡಿದು ಎದ್ದು ಬಂದೆ. ಆಗಲೇ ಬಾಯಿಬಿಟ್ಟಿದ್ದರೆ...

ಈಗ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಆ ಹಳದಿ ಮೆರುಗೆಣ್ಣೆಯನ್ನು ಎಂಟು ದಿನ ಅಂಗುಲ ಅಂಗುಲವಾಗಿ ಒರೆಸಿ ತೆಗೆದೆ. ಮೊದಲ ದಿನವೇ, ಇದು ಆಗುವ ಕೆಲಸವಲ್ಲ ಎಂದು ಫೋನ್ ಮಾಡಿಬಿಡೋಣ ಎನಿಸಿತ್ತು. ಯಾರಿಗೆ ತಿಳಿಯುತ್ತಿತ್ತು? ಆದರೆ ಒಂದು ಮೂಲೆಯಲ್ಲಿ ಆ ನೀಲಿ ಇಣುಕಿತು, ಬಿಡಲಾಗಲಿಲ್ಲ. ನಿನ್ನ ಹಿಮ ಬೆಳ್ಳಗೇ ಇದೆ, ಸಿದರಾಯ. ಅಂಥದು ಇವತ್ತಿಗೂ ನನ್ನ ಕೈಯಲ್ಲಿ ಬರುವುದಿಲ್ಲ, ಅದಕ್ಕೆ ಈಗಲೂ ಉರಿಯುತ್ತದೆ.

ನಿನ್ನೆ ಸುಮಿತ್ರಾ ಬಂದಳು. ಅವಳಿಗೆ ಎಲ್ಲವನ್ನೂ ಹೇಳಿದೆ, ಏನೂ ಮುಚ್ಚಿಡಲಿಲ್ಲ. ಬೈಯುತ್ತಾಳೆಂದು ಕಾದೆ. ಅವಳು ಚಿತ್ರ ನೋಡಿ, ಒಂದೇ ಮಾತು ಕೇಳಿದಳು.

"ಅಪ್ಪ ಇದ್ದಾಗನ ಇದನ್ನ ಮಾಡಾಕ ಬರ್ತಿತ್ತೇನ್ರಿ ಕಾಕಾ?"

ಬರುತ್ತಿತ್ತು ಎಂದೆ. ಎಂಟು ದಿನದ ಕೆಲಸ.