ಹೆಸರಿಲ್ಲದ ಹೊಳೆಗಲ್ಲು

ಲಿಕ್ ಫೋರ್ಕ್ ಕಣಿವೆ, ಕೆಂಟಕಿ
ಮಂಗಳವಾರ, 19 ಮೇ 1987

ತಮ್ಮ ವರ್ಲಿನ್‌ಗೆ,

ಹೆಸರಿಗೆ ಮೊದಲು ‘ಪ್ರೀತಿಯ’ ಅಂತ ಸೇರಿಸಲು ಹೊರಟೆ, ಪೆನ್ನು ಒಪ್ಪಲಿಲ್ಲ. ನಿನ್ನ ಮಂಡಿ ಹೇಗಿದೆ? ನಿಮ್ಮ ಡೇಟನ್ ಪಟ್ಟಣದ ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದಿದ್ದಾರಂತೆ. ಗುಡ್ಡ ಹತ್ತಬೇಡಿ ಅಂತಲೂ ಅಂದಿದ್ದರೆ ನಮಗೆಲ್ಲ ಉಪಕಾರವಾಗುತ್ತಿತ್ತು. ಅಮ್ಮ ಚೆನ್ನಾಗಿದ್ದಾಳೆ. ಅಡುಗೆಮನೆಯ ಮೇಜಿನ ತುಂಬ ಬಣ್ಣದ ಕಾಗದ ಹರಡಿಕೊಂಡು ಹೂ ಕಟ್ಟಿ, ಮೇಣದಲ್ಲಿ ಅದ್ದಿ ಒಣಗಿಸುತ್ತಿದ್ದಾಳೆ. ಈ ಭಾನುವಾರ ಸಮಾಧಿಗಳಿಗೆ ಹೂವಿಡುವ ದಿನ ಎನ್ನುವುದನ್ನು ನೀನು ಮರೆತಿರಲಾರೆ; ಮರೆತಿದ್ದರೂ ಅಲ್ಲಿನ ಊಟದ ಕರಿದ ಕೋಳಿಯ ವಾಸನೆಗೆ ಬಂದೇ ಬರುತ್ತೀ. ಫೋನಿನಲ್ಲಿ ಹೇಳಿದರೆ ನಡುವೆಯೇ ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ವಿಷಯ ಇಷ್ಟೇ: ಆ ಭಾನುವಾರದೊಳಗೆ ಗುಡ್ಡದ ಮೇಲಿನ ಸ್ಮಶಾನದಲ್ಲಿ ನೀನು ನಿಲ್ಲಿಸಿದ ಗ್ರಾನೈಟ್ ಕೆಳಗಿಳಿಯಬೇಕು.

ನಿನ್ನೆ ಸಮಾಧಿಗಳ ದಿಬ್ಬಕ್ಕೆ ಮಣ್ಣು ಏರಿಸೋಣವೆಂದು ಸಲಿಕೆ ಹಿಡಿದು ಹೋದೆ. ಏರಿಸಲು ದಿಬ್ಬಗಳೇ ಇಲ್ಲ. ಇಡೀ ಸ್ಮಶಾನ ಇಸ್ತ್ರಿ ಮಾಡಿದ ಅಂಗಿಯ ಹಾಗೆ ನುಣ್ಣಗಿದೆ, ನಡುವೆ ಅಂಗಿಗುಂಡಿಯ ಹಾಗೆ ನಿನ್ನ ಕಪ್ಪು ಕಲ್ಲು. ‘ಆನ್ಸೆಲ್ ಫ್ರೇಲಿ, ಈ ಕಣಿವೆಯ ಮೊದಲ ನೆಲೆಗಾರ’ ಅಂತ ಅಕ್ಷರ. ಅದರ ಕೆಳಗೆ, ಅವನಿಗಿಂತ ಕೂದಲೆಳೆಯಷ್ಟು ಸಣ್ಣದಾಗಿ, ಕಲ್ಲು ನಿಲ್ಲಿಸಿದ ಮಹಾನುಭಾವನ ಹೆಸರು. ಟ್ರ್ಯಾಕ್ಟರ್ ತಂದು ನೆಲ ಸಮ ಮಾಡಿದವನು ನಮ್ಮ ಚಿಕ್ಕಪ್ಪನ ಮಗ ಹೋಬರ್ಟ್. ಅವನ ಅಂಗಳಕ್ಕೇ ಹೋಗಿ ಹಿಡಿದೆ. ‘ನನ್ ಮೇಲ್ ಹಾಯ್ಬೇಡಕ್ಕ. ಅಲ್ಲೊಂದ್ ಹೊಳೆಗಲ್ಲು, ಇಲ್ಲೊಂದ್ ಹೊಳೆಗಲ್ಲು, ಹುಲ್ಲು ಕೊಯ್ಯೋ ಮಿಷಿನ್ ಹಲ್ಲು ಮುರಿಯುತ್ತೆ, ಎತ್ತಾಕು ಅಂದ ನಿನ್ ತಮ್ಮ. ಇವೂ ಸಮಾಧಿ ಕಲ್ಲಲ್ವೇನೋ ಅಂದೆ. ಹೆಸರೇ ಇಲ್ದಿದ್ದು ಸಮಾಧಿ ಹೆಂಗಾಗುತ್ತೋ ಪೆದ್ದ ಅಂದ. ಓದಿದೋನು, ನಾನೇನ್ ಹೇಳ್ಲಿ?’ ಅಂದ. ಆಮೇಲೆ ತಲೆ ಕೆರೆದುಕೊಂಡು, ‘ಒಂದಷ್ಟು ಇಳಿಜಾರಿಗೆ ಉರುಳಿಸ್ದೆ. ಇನ್ನೊಂದಷ್ಟು ಗ್ರಾನೈಟ್ ಅಡಿ ಕಾಂಕ್ರೀಟಿಗೆ ಹೋಯ್ತು. ಚೆನ್ನಾಗ್ ಕೂತಿದೆ ಬಿಡು, ನೂರ್ ವರ್ಷ ಅಲ್ಲಾಡಲ್ಲ’ ಅಂತ ನನಗೇ ಸಮಾಧಾನ ಹೇಳಿದ.

ನೀನು ವಂಶದ ಬೇರು ಹುಡುಕಲು ಹೊರಟಾಗಲೇ ಊರು ಕೆಡುತ್ತದೆ ಅಂದುಕೊಂಡಿದ್ದೆ. ವರ್ಜೀನಿಯಾದ ಕೋರ್ಟು ದಾಖಲೆಗಳ ಧೂಳು ಕುಡಿದು, ಏಳು ತಲೆಮಾರು ಏರಿ, ಆನ್ಸೆಲ್ಲನನ್ನು ಹಿಡಿದೆ. ನಿಮ್ಮ ವಂಶಾವಳಿ ಸಂಘದ ಊಟದಲ್ಲಿ ಅವನು ಕರಡಿ ಹೊಡೆದ, ಕಾಡು ಕಡಿದ ಅಂತ ಭಾಷಣ ಬಿಗಿದೆಯಂತೆ. ಕಾಡು ಕಡಿದದ್ದು ನಿಜ. ಇಲ್ಲಿನ ಮೂಲನಿವಾಸಿಗಳಾದ ಶಾನಿ ಜನ ಬೇಟೆಯಾಡುತ್ತಿದ್ದ ಕಾಡು, ಅವರನ್ನು ಒಂದು ಮಾತು ಕೇಳದೆ ಕಡಿದ. ಆದರೆ ಮೊದಲ ಚಳಿಗಾಲದಲ್ಲೇ ಉಪ್ಪು ತರುತ್ತೇನೆಂದು ಹೋದ ಆ ಶೂರ ಮರಳಿದ್ದು ಮರ ಚಿಗುರಿದ ಮೇಲೆ. ಅಷ್ಟರಲ್ಲಿ ಹೆತ್ತವಳು, ಹೆತ್ತದ್ದನ್ನು ಹೂತವಳು ಅವನ ಹೆಂಡತಿ ಮಹೇಲಾ. ಹೆಪ್ಪುಗಟ್ಟಿದ ನೆಲಕ್ಕೆ ಬೆಂಕಿ ಹಾಕಿ ಮೆತ್ತಗೆ ಮಾಡಿ ಅಗೆದಳಂತೆ. ಹೊಳೆಯಿಂದ ಕಲ್ಲು ಹೊತ್ತು ತಂದು ತಲೆಗೊಂದು, ಕಾಲಿಗೊಂದು ನಿಲ್ಲಿಸಿದಳಂತೆ. ನಮ್ಮವರು ಹೊಳೆಗಲ್ಲು ನಿಲ್ಲಿಸುವುದು ಅಂದಿನಿಂದ. ಆ ಗುಡ್ಡದ ಮೊದಲ ನೆಲೆಗಾರ ಯಾರೆಂದು ಕೇಳಿದರೆ ನಾನು ಆ ಕೂಸನ್ನು ತೋರಿಸುತ್ತೇನೆ. ಮಹೇಲಾಗೆ ದಾಖಲೆ ಇಲ್ಲ ಅಂತ ನಿನ್ನ ವಂಶಾವಳಿ ಪಟದಿಂದ ಬಿಟ್ಟೆಯಲ್ಲ, ಹಾಗಾದರೆ ನಮ್ಮ ವಂಶವನ್ನು ಹೆತ್ತದ್ದು ಆನ್ಸೆಲ್ ಹೊಡೆದ ಆ ಕರಡಿಯೋ?

ಕಲ್ಲಿಗೆ ಹೆಸರಿರಲಿಲ್ಲ, ಕಾಲಿಗೆ ಗೊತ್ತಿತ್ತು. ಪ್ರತಿ ವರ್ಷ ಅಜ್ಜಿ ನನ್ನ ಕೈ ಹಿಡಿದು ಸಾಲು ಸಾಲಾಗಿ ನಡೆಸುತ್ತಿದ್ದಳು: ‘ಇದು ಮಹೇಲಾ, ಇದು ಅವಳ ಕೂಸು. ಸುತ್ಕೊಂಡ್ ಬಾ, ತುಳೀಬೇಡ.’ ಆಗ ನೀನೆಲ್ಲಿದ್ದೆ? ಗಂಡಸರ ಜೊತೆ ಓಕ್ ಮರದ ಕೆಳಗೆ, ಒಣ ಸೇಬಿನ ಕೇಕಿನ ಪದರ ಬಿಡಿಸುತ್ತಾ. ತಿಂದದ್ದು ನೆನಪಿದೆ, ಹೂತದ್ದು ಮರೆತಿದೆ.

ಇಳಿಜಾರಿಗೆ ಉರುಳಿದ ಕಲ್ಲುಗಳನ್ನು ಹೋಬರ್ಟನಿಂದಲೇ ಹೊರಿಸಿ ಅವುಗಳ ಜಾಗದಲ್ಲಿ ನಿಲ್ಲಿಸಿದೆ. ಮಹೇಲಾ ಸಿಕ್ಕಳು. ಕಾಂಕ್ರೀಟಿಗೆ ಮಾತ್ರ ಅವನು ಕೈ ಹಾಕುವುದಿಲ್ಲವಂತೆ: ‘ಹಾಕಿಸ್ದೋನೇ ಬಂದ್ ಒಡೀಲಿ.’ ಅವನು ಜನ್ಮದಲ್ಲಿ ಆಡಿದ ಒಂದೇ ಬುದ್ಧಿವಂತ ಮಾತು.

ನಿನ್ನ ಹೆಂಡತಿ ಲೊರೀನ್‌ಗೆ ನನ್ನ ನೆನಪು ಹೇಳು. ಅವಳ ತಾಳ್ಮೆಗೆ ದೇವರು ಒಳ್ಳೆಯದು ಮಾಡಲಿ. ನಿನಗೂ ಮಾಡಲಿ, ಅವಸರವೇನಿಲ್ಲ.

ನಿನ್ನ ಅಕ್ಕ (ಇದಕ್ಕೆ ದಾಖಲೆ ಇದೆ),
ಆರ್ಥಾ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಅಂಚೆಯವನು ಬರುವ ಹೊತ್ತಾಯಿತು, ಬರೆದೇಬಿಡುತ್ತೇನೆ. ಇಳಿಜಾರಿನಲ್ಲಿ ಎಷ್ಟು ಹುಡುಕಿದರೂ ಸಿಗದ ಕಲ್ಲೆಂದರೆ ಅಂಗೈಯಗಲದ ಒಂದು ಬಿಳಿ ಕಲ್ಲು. ಪ್ರತಿ ವರ್ಷ ಎಲ್ಲರೂ ಊಟಕ್ಕೆ ಹೊರಟ ಮೇಲೆ ಅಮ್ಮ ಅದರ ಮುಂದೆ ಒಬ್ಬಳೇ ಕೂರುತ್ತಾಳೆ. ನೀನು ಹುಟ್ಟಿದ ಬೆಳಿಗ್ಗೆ ನಿನ್ನ ಹಿಂದೆಯೇ ಇನ್ನೊಬ್ಬ ಬಂದಿದ್ದ. ಸಂಜೆಯವರೆಗೆ ಇದ್ದ. ನಿನ್ನ ಹುಟ್ಟುಹಬ್ಬ ಅಳುಹಬ್ಬವಾಗಬಾರದು ಅಂತ ಅಮ್ಮ ನಮ್ಮೆಲ್ಲರಿಂದ ಮಾತು ತೆಗೆದುಕೊಂಡಳು. ಏಳು ತಲೆಮಾರು ಹುಡುಕಿದ ನೀನು ಜೊತೆಗೆ ಹುಟ್ಟಿದವನನ್ನು ಸಿಮೆಂಟಿನಲ್ಲಿ ಮುಚ್ಚಿದೆ. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಶನಿವಾರವೇ ಬಾ, ಹಾರೆ ಸುತ್ತಿಗೆ ತಾ. ನಾನು ಕೈ ಜೋಡಿಸುವುದಿಲ್ಲ. ಪಕ್ಕದಲ್ಲಿ ನಿಂತು, ಎಲ್ಲಿ ಮೆಲ್ಲಗೆ ಒಡೆಯಬೇಕೆಂದು ಹೇಳುತ್ತೇನೆ.