ಗುಡಿ ಬ್ಯಾಗ್

ಏಪ್ರಿಲ್ 12, ಭಾನುವಾರ. ಬೆಳಿಗ್ಗೆ

ಚಹಾ ಆಯಿತು. ಪೇಪರ್ ಇನ್ನೂ ಬಂದಿಲ್ಲ. ಕಳೆದ ವರ್ಷದ ಚೀಲವನ್ನು ಮೇಜಿನ ಮೇಲೆ ಸುರಿದುಕೊಂಡು ಕೂತಿದ್ದೇನೆ. ಡೊಂಬಿವಲಿಯ ನಮ್ಮ ಕನ್ನಡ ಸಂಘ ಬೇಸಿಗೆ ಪ್ರವಾಸದ ಮಕ್ಕಳಿಗೆ ಹಂಚಿದ್ದು. ಒಂದು ಉಳಿದಿತ್ತು. ಎತ್ತಿಟ್ಟಿದ್ದೆ — ಸಾಕ್ಷಿಗೆ.

ಪ್ಲಾಸ್ಟಿಕ್ ಚೀಲ. ನಿಷೇಧವಾದ ಪ್ಲಾಸ್ಟಿಕ್ಕೇ. ಮೇಲೆ ಪ್ರಾಯೋಜಕರ ಮುಖ, ಹಲ್ಲು ಸಮೇತ. ಒಳಗೆ ಚಿಪ್ಸ್, ಬಣ್ಣದ ನೀರಿಗೆ ಜ್ಯೂಸ್ ಎಂದು ಹೆಸರಿಟ್ಟ ಡಬ್ಬಿ, ಚೂಪು ಮಾಡುವಾಗಲೇ ಮುರಿಯುವ ಪೆನ್ಸಿಲ್. ಮತ್ತು ಪೀಪಿ. ಮಲಗುವ ರೈಲಿನಲ್ಲಿ ಮಕ್ಕಳ ಕೈಗೆ ಪೀಪಿ ಕೊಟ್ಟ ಮಹಾನುಭಾವರು ಯಾರು ಎಂದು ನಿನ್ನೆ ಸಭೆಯಲ್ಲಿ ಕೇಳಿದೆ. ಎಲ್ಲರೂ ಫ್ಯಾನ್ ನೋಡಿದರು.

ಕಾರ್ಯದರ್ಶಿ ಲೀಲಾಧರ, ಠಾಣೆಯಲ್ಲಿ ಹೋಟೆಲ್ ಇಟ್ಟವನು, ಎದ್ದು ನಿಂತ. "ಕಾಂಚನಕ್ಕ, ಈ ಸಲ ಚೀಲದ ಕೆಲಸ ನಿಮಗೇ. ಆದ್ರೆ ಖರ್ಚು ಕಡಿಮೆ ಆಗ್ಬೇಕು, ಆಯ್ತಾ." ಚಪ್ಪಾಳೆ. ಸಿಕ್ಕಿಬಿದ್ದೆ.

ಬೇರೆ ಎರಡು ಮಾತಿಗೂ ಒಪ್ಪಿಸಿದೆ. ಕನ್ನಡ ಸಂಘ ಎಂದರೆ ಹೋಟೆಲ್ ಮಾಲೀಕರ ಮಕ್ಕಳು ಮಾತ್ರವಲ್ಲ — ಕಳಂಬೋಲಿಯ ಹಮಾಲರ ಮಕ್ಕಳನ್ನೂ ಕರೆಯಬೇಕು. ಮತ್ತೆ, ಈ ವರ್ಷ ದೇವಸ್ಥಾನ ಬೇಡ. ಪ್ರತಿ ವರ್ಷ ದೇವಸ್ಥಾನ ಸುತ್ತಿಸಿ ಮಕ್ಕಳು ಬಸ್ಸಿನಲ್ಲಿ ನಿದ್ದೆ ಹೊಡೆದದ್ದು ಸಾಕು. ಮಂಗಳೂರಿನ ತಾರಾಲಯ, ಕಡಲು, ದೀಪಸ್ತಂಭ. ಇಷ್ಟೇ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜನ್ಮ ಕಳೆದವಳು. ಊರಿನವರ ಮಾತೆಲ್ಲ ಕಿವಿಗೆ ಬಿದ್ದಿದೆ. ಆದರೆ ಒಂದು ಮಗು ಒಂದಿಡೀ ರಾತ್ರಿ ರೈಲಿನಲ್ಲಿ ಏನು ಮಾಡುತ್ತದೆ? ನಿಜಕ್ಕೂ ಗೊತ್ತಿಲ್ಲ. ತಿಳಿಯಬೇಕು.

ಏಪ್ರಿಲ್ 14, ಮಂಗಳವಾರ

ಲೀಲಾಧರನ ಮಗಳು ಪ್ರೇಕ್ಷಾಳನ್ನು ಕರೆಸಿದೆ. ಹನ್ನೊಂದನೆಯ ತರಗತಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಹೇಳುತ್ತಾಳೆ. ಇಬ್ಬರಿಗೂ ಅಭ್ಯಾಸ.

"ಆಂಟಿ, ಕಲರಿಂಗ್ ಬುಕ್ ಮತ್ ದೇನಾ, ಪ್ಲೀಸ್." ದೊಡ್ಡ ಮಕ್ಕಳಿಗೆ ಬಣ್ಣ ತುಂಬುವ ಪುಸ್ತಕ ಕೊಟ್ಟರೆ ಅವಮಾನವಂತೆ. ಹಾಗಾದರೆ ಏನು? ಕೂದಲಿನ ರಬ್ಬರ್, ಪೇಪರ್ ಸೋಪು, ಪುದಿನ ಗೋಲಿ, ಇಸ್ಪೀಟು. ಕೊನೆಗೆ, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ: "ಔರ್ ಕೋಯಿ ಚೆಕ್ ನ ಕರೇ." ಯಾರೂ ತೆಗೆದು ನೋಡಬಾರದು.

ಇದು ನನಗೆ ಹೊಳೆದೇ ಇರಲಿಲ್ಲ. ಏನು ಹಾಕಬೇಕು ಎಂದು ತಲೆ ಕೆಡಿಸಿಕೊಂಡೆ. ಅವರು ಏನು ಅಡಗಿಸಿಡುತ್ತಾರೆ ಎಂದು ಯೋಚಿಸಲಿಲ್ಲ.

ದೊಡ್ಡವರ ಚೀಲಕ್ಕೆ ಒಳಗೊಂದು ಜೇಬು. ಗುಂಡಿ ಸಮೇತ.

ಏಪ್ರಿಲ್ 18, ಶನಿವಾರ

ಭಿವಂಡಿಗೆ ಹೋಗಿ ಬಂದೆ. ಮಗ್ಗದವರ ಕಟ್‌ಪೀಸು ತೂಕದ ಲೆಕ್ಕದಲ್ಲಿ ಸಿಗುತ್ತದೆ. ಚೌಕಳಿ, ಗೀಟು, ಒಂದಂತೂ ಪೂರ್ತಿ ಬದನೆಕಾಯಿ ಬಣ್ಣ. ರಸ್ತೆ... ಬರೆದರೆ ಪುಟ ಸಾಲದು. ಆ ಗುಂಡಿಗಳಲ್ಲಿ ಕೆಲವಕ್ಕೆ ನನ್ನ ಮದುವೆಯಷ್ಟೇ ವಯಸ್ಸು.

ಸಂಜೆ ಹೊಲಿಗೆ. ಯಂತ್ರ ಇನ್ನೂ ಓಡುತ್ತದೆ.

ದಿವಾ-ಪನ್ವೇಲ್ ಗಾಡಿಯಲ್ಲಿ ಸಾಮಾನುಗಳ ಪರೀಕ್ಷೆ ಮಾಡಬೇಕು. ಮನೆಯ ಮೇಜಿನ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಏಪ್ರಿಲ್ 26, ಭಾನುವಾರ

ಗಾಡಿಯಲ್ಲಿ ಪರೀಕ್ಷೆ. ಫಲಿತಾಂಶ: ಗುಂಡನೆಯ ಕ್ರೇಯಾನ್ ಉರುಳಿ ಯಾರದೋ ಮೀನಿನ ಬುಟ್ಟಿಯ ಕೆಳಗೆ ಸೇರಿತು. ಚಿಕ್ಕಿ ಅಂಟುತ್ತದೆ. ಹುರಿಗಡಲೆ ಪಾಸ್. ದಾರದ ಕುಣಿಕೆ ಬೆರಳಿಗೆ ಹಾಕಿ ನಾವು ಆಡುತ್ತಿದ್ದ ಆಟ ಆಡಿದೆ. ಎದುರು ಕೂತ ಮಗು ನೋಡಿತು, ತಾಯಿ ನೋಡಿದಳು, ಆಮೇಲೆ ಮೀನಿನವಳೂ ಕೈ ಚಾಚಿದಳು. ದಾರ — ಖಂಡಿತ.

ಕಳಂಬೋಲಿಗೆ ಹೋದದ್ದು ದಾನಮ್ಮನ ಮನೆಗೆ. ಕಬ್ಬಿಣದ ಮಾರುಕಟ್ಟೆಯ ಹಮಾಲರಿಗೆ ಜೋಳದ ರೊಟ್ಟಿ ಮಾಡಿ ಕೊಡುವ ಹೆಂಗಸು, ವಿಜಯಪುರದ ಕಡೆಯವಳು. ಸಂಘದ ರಾಜ್ಯೋತ್ಸವಕ್ಕೂ ಅವಳದೇ ರೊಟ್ಟಿ. ಗಂಡ ಅಂಬಾರಾಯ ಲಾರಿಗೆ ಸರಳು ತುಂಬುತ್ತಾನೆ. ಮಗಳು ಪದ್ಮಾವತಿ, ಒಂಬತ್ತನೆಯ ತರಗತಿ ಮುಗಿಸಿದ್ದಾಳೆ. ಆ ಲೈನಿನಲ್ಲಿ, ಎಂದರೆ ಹಮಾಲರ ಸಾಲುಮನೆಗಳಲ್ಲಿ, ಕೇಳಿದ ಮನೆಗಳೆಲ್ಲ ಬೇಡ ಎಂದವು. ಉಳಿದದ್ದು ಇದೊಂದೇ.

ಶಾಲೆಯ ಪಿಕ್ನಿಕ್ಕಿಗೆ ಅಂಬಾರಾಯ ಈವರೆಗೆ ಮಗಳನ್ನು ಕಳಿಸಿಲ್ಲ ಎಂದು ಗೊತ್ತಿತ್ತು. ವಾದಕ್ಕೆ ತಯಾರಾಗಿ ಹೋಗಿದ್ದೆ. ಬೇಕಾಗಲೇ ಇಲ್ಲ.

"ಲೀಲಾಧರ ಅಣ್ಣಾರು ವಾಟ್ಸಾಪಿನ್ಯಾಗ ಮಾತಾಡಿ ಕಳಿಸ್ಯಾರ್ರಿ, ಕೇಳೀವಿ," ಎಂದಳು ದಾನಮ್ಮ. "ಕಳಸ್ತೀನ್ರಿ ಅಕ್ಕಾರ. ಇಂಥಾದಕ್ಕ ಅವರಪ್ಪನೂ ಬ್ಯಾಡ ಅನ್ನಂಗಿಲ್ಲ."

ಪದ್ಮಾವತಿ ನನ್ನನ್ನು ಮೋರಿಯ ತನಕ ಬಿಡಲು ಬಂದಳು. ದಾರಿಯುದ್ದಕ್ಕೂ ಪ್ರಶ್ನೆ. ಫ್ಲೈಓವರ್ ಮೇಲಿಂದ ಕೊಂಕಣದ ಗಾಡಿ ಗುಡ್ಡದ ಹಿಂದೆ ಹೋಗುವುದು ಕಾಣುತ್ತದಂತೆ. "ಆಂಟಿ, ಆ ಗುಡ್ಡದ್ ಹಿಂದ ಏನೈತ್ರಿ? ಬೋಗದಾದಾಗ ಹೋಗುವಾಗ ಕಿವಿ ಗಚ್ಚನ ಮುಚ್ಚತಾವಂತ, ಖರೇ ಏನ್ರಿ?" ಬೋಗದಾ — ಸುರಂಗಕ್ಕೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಕಿವಿಯ ವಿಷಯ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮನೆಗೆ ಬಂದು ಓದಿದೆ.

ಏಪ್ರಿಲ್ 29, ಬುಧವಾರ

ಹೊಸ ಯೋಚನೆ. ಉದ್ದನೆಯ ಕಾಗದದ ಪಟ್ಟಿ — ಪನ್ವೇಲಿನಿಂದ ಮಂಗಳೂರಿನವರೆಗೆ ನಿಲ್ದಾಣ, ನದಿ, ಸುರಂಗ. ಕೈಯಲ್ಲೇ ಬರೆದು ಝೆರಾಕ್ಸ್. ಅರ್ಧ ಬರೆದ ಮೇಲೆ ನೆನಪಾಯಿತು: ಗಾಡಿ ಸಂಜೆಯದು. ಚಿಪ್ಳೂಣ್ ಆಚೆಗೆಲ್ಲ ಕತ್ತಲೆ. ನನ್ನ ನದಿಗಳಿಗೆ ನೋಡುವವರೇ ಇಲ್ಲ.

ಇರಲಿ. ಸೇತುವೆಯ ಮೇಲೆ ಗಾಡಿಯ ಸದ್ದು ಬದಲಾಗುತ್ತದೆ. ಕೇಳಿ ಗುರುತಿಸಲಿ.

ಮೇ 10, ಭಾನುವಾರ

ಬರೆಯದೆ ಹತ್ತು ಹನ್ನೊಂದು ದಿನ. ಹೊಲಿಗೆ, ಹೊಲಿಗೆ. ಬೆನ್ನು.

ಇವತ್ತು ಕಳಂಬೋಲಿಗೆ ಟಿಕೆಟ್ ತೋರಿಸಲು ಹೋದರೆ ದಾನಮ್ಮನ ಮನೆಯಲ್ಲಿ ಹೆಂಗಸರ ಗುಂಪು. ಗೋಡೆಯ ಬದಿಗೆ ಕೆಂಪು ಚೀಲ. ತುಂಬ ತೆಂಗಿನಕಾಯಿ, ಸಣ್ಣ ಸೀಸೆಗಳಲ್ಲಿ ಎಣ್ಣೆ, ಕುಪ್ಪಸದ ಕಣ, ಅರಿಸಿನ. ಪಕ್ಕದ ಮನೆಯ ಅಜ್ಜಿ ಒಂದು ಸೀಸೆ ಇಟ್ಟು ಪದ್ಮಾವತಿಯ ತಲೆ ಸವರಿದಳು. "ನನ್ನ ಹೆಸರ್ಲೇ ದೀಪ ಹಚ್ಚವಾ."

"ಇದೆಲ್ಲ ಯಾಕೆ ದಾನಮ್ಮ?"

"ಗುಡಿ ಬ್ಯಾಗ್ರಿ ಅಕ್ಕಾರ. ಹುಡುಗ್ರಿಗೆ ಒಂದೊಂದ ಗುಡಿ ಬ್ಯಾಗ್ ಐತಿ ಅಂತ ಅಣ್ಣಾರ ಹೇಳ್ಯಾರಲ್ಲ? ಹಂಗಂದ್ರೇನಂತ ಪದ್ದಿನ್ನ ಕೇಳಿದೆ. ಗುಡಿಗಿ ಒಯ್ಯೂ ಚೀಲ ಅಂದ್ಲು. ಖಾಲಿ ಚೀಲ ಹ್ಯಾಂಗ ಕಳಸೂದ್ರಿ? ಲೈನಿನ ಮಂದೀನೂ ಕೊಟ್ಟಾರ."

ಗುಡ್ಡೀ, ಗೂಡೀ, ಗುಡಿ. ಮಕ್ಕಳಿಗೆ ತಿಂಡಿ, ಆಟಿಕೆ ತುಂಬಿ ಕೊಡುವ ಚೀಲಕ್ಕೆ ಇಂಗ್ಲಿಷಿನ ಆ ದರಿದ್ರ ಶಬ್ದ. ಬುತ್ತಿ ಚೀಲ ಎನ್ನು ಎಂದು ಲೀಲಾಧರನಿಗೆ ಮೊದಲೇ ಹೇಳಿದ್ದೆ. "ಬುತ್ತಿ ಅಂದ್ರೆ ಮಕ್ಕಳು ನೆಗಾಡ್ತಾರೆ ಅಕ್ಕ" ಎಂದಿದ್ದ. ಇಲ್ಲಿ ಒಂದು ಲೈನಿಗೆ ಲೈನೇ ದೇವರಿಗೆ ಎಣ್ಣೆ ಕಳಿಸುತ್ತಿದೆ. ನಾವು ಹೊರಟದ್ದು ದೇವಸ್ಥಾನವೇ ಇಲ್ಲದ ಪ್ರವಾಸಕ್ಕೆ — ಅದೂ ನನ್ನದೇ ಹಟದಿಂದ.

ನಗು ಬಂತು. ಆಮೇಲೆ ಬರಲಿಲ್ಲ. ಪದ್ಮಾವತಿ ನನ್ನನ್ನೇ ನೋಡುತ್ತಿದ್ದಳು. ಸೆಮಿ-ಇಂಗ್ಲಿಷ್ ಶಾಲೆಯ ಹುಡುಗಿ. ಅವಳಿಗೆ ಅರ್ಥ ಗೊತ್ತಿತ್ತು.

ಮೇ 11, ಸೋಮವಾರ

ಲೀಲಾಧರನ ಹೋಟೆಲಿಗೆ ಹೋದೆ. ಕೇಳಿ ಹೊಟ್ಟೆ ಹಿಡಿದು ನಕ್ಕ. "ಅದಕ್ಕೆಂತ ತಲೆಬಿಸಿ ಕಾಂಚನಕ್ಕ? ದಾರಿಯಲ್ಲಿ ಒಂದು ದೇವಸ್ಥಾನಕ್ಕೆ ಬಸ್ ನಿಲ್ಸುವ. ಎಣ್ಣೆ ಕೊಟ್ಟು ಬಂದ್ರೆ ಆಯ್ತು. ಅವರಿಗೆ ಹೇಳುದು ಎಂತಕ್ಕೆ?"

"ನಿಲ್ಲಿಸು. ಆದರೆ ಹೇಳಿಯೇ ನಿಲ್ಲಿಸುವುದು."

"ಹೇಳಿದ್ರೆ ಆ ಹುಡುಗಿ ಬರುದಿಲ್ಲ. ಕರೀಬೇಕು ಅಂತ ಸಭೆಯಲ್ಲಿ ಜಗಳ ಮಾಡಿದ್ದು ನೀವೇ ಅಲ್ವಾ?"

ನಿಜ. ಆದರೂ. ಹಿಂದೊಂದು ಚುನಾವಣೆಯಲ್ಲಿ ನಮ್ಮ ಚಾಳಿನ ಹೆಂಗಸರನ್ನು ಕಣ್ಣಿನ ತಪಾಸಣೆ ಎಂದು ಟೆಂಪೊ ಹತ್ತಿಸಿದರು. ಒಯ್ದು ಭಾಷಣದ ಮುಂದೆ ಕೂರಿಸಿದರು. ನನ್ನ ಅತ್ತೆ ಸಂಜೆಯ ತನಕ ಅಕ್ಕಪಕ್ಕದವರನ್ನು ಕೇಳುತ್ತಲೇ ಇದ್ದರಂತೆ — ಡಾಕ್ಟರು ಯಾವಾಗ ಬರುತ್ತಾರೆ? ಅದನ್ನು ನಾನು ಮರೆತಿಲ್ಲ. ಉದ್ದೇಶ ಒಳ್ಳೆಯದು ಎಂದು ಟೆಂಪೊ ಹತ್ತಿಸಿದವರೂ ಹೇಳಿದ್ದರು.

ಸಂಜೆ ಪದ್ಮಾವತಿಯ ಫೋನು. ಪಿಸುಮಾತು. ಹಿಂದೆ ಲಾರಿಗಳ ಹಾರ್ನ್.

"ಆಂಟಿ, ಅವ್ವಗ ಸಾಂಗೂ ನಕಾ... ಹೇಳಬ್ಯಾಡ್ರಿ, ಪ್ಲೀಜ್. ಮಜಾ ಮಾಡಾಕ ಅಂದ್ರ ಅಪ್ಪ ಕಳಸಂಗಿಲ್ಲ. ಗುಡಿ ಅಂದದ್ದಕ್ಕ ಹ್ಞೂಂ ಅಂದಾನ."

"ನೀನೇ ಹೇಳು."

"ಹೇಳಿದ್ರ ಮುಗೀತ್ರಿ."

"ಬುಧವಾರ ನಾನು ಬರುತ್ತೇನೆ. ಅಷ್ಟರೊಳಗೆ ನೀನೇ ಹೇಳಿದರೆ ಒಳ್ಳೆಯದು."

ಫೋನು ಇಟ್ಟಳು. ಸರಿಯಾಗಿಯೇ ಮಾತಾಡಿದೆ ಅನ್ನಿಸಿತು. ಆದರೆ ಒಂದೇ ಗುಂಡಿಯನ್ನು ಎರಡು ಸಲ ತಪ್ಪಾಗಿ ಹೊಲಿದೆ.

ಮೇ 13, ಬುಧವಾರ. ಮಧ್ಯಾಹ್ನ

ಹೇಳಿ ಬಂದೆ.

ದಾನಮ್ಮ ರೊಟ್ಟಿ ಬಡಿಯುತ್ತಿದ್ದಳು. ಪದ್ಮಾವತಿ ಮನೆಯಲ್ಲಿರಲಿಲ್ಲ. ಎಲ್ಲ ಬಿಡಿಸಿ ಹೇಳಿದೆ — ಅದು ಇಂಗ್ಲಿಷ್ ಶಬ್ದ, ಮಕ್ಕಳ ಖುಷಿಗೆ ಕೊಡುವ ಚೀಲ, ಒಳಗೆ ಹುರಿಗಡಲೆ, ದಾರ, ಇಸ್ಪೀಟು. ಪ್ರವಾಸ ಗುಡಿಗಲ್ಲ. ಬೇಕಾದರೆ ಒಂದು ಗುಡಿಗೂ ಹೋಗೋಣ, ನಾನೇ ಎಣ್ಣೆ ಮುಟ್ಟಿಸುತ್ತೇನೆ.

ಆಶ್ಚರ್ಯಪಡಲಿಲ್ಲ. ರೊಟ್ಟಿ ತಿರುಗಿಸಿ ಹಾಕಿದಳು.

"ಮತ್ತ ಅಲ್ಲೇನ ನೋಡೂದೈತ್ರಿ?"

ತಾರಾಲಯದ ಬಗ್ಗೆ ಹೇಳಿದೆ. ಗುಮ್ಮಟದಂಥ ಕೋಣೆ. ಬಾಗಿಲು ಹಾಕಿ ಕತ್ತಲು ಮಾಡಿ ಮೇಲೆ ಚುಕ್ಕಿಗಳನ್ನು ತೋರಿಸುತ್ತಾರೆ.

"ಹಗಲೀಗಿ?"

"ಹಗಲಿಗೇ."

"ರೊಕ್ಕ ಕೊಟ್ಟ ಕತ್ತಲಾಗ ಕುಂದರೂದು." ಸ್ವಲ್ಪ ನಕ್ಕಳು. ಹಂಚಿನ ಮೇಲಿನ ರೊಟ್ಟಿ ಉಬ್ಬಿತು. ಅದನ್ನು ಒತ್ತುತ್ತಾ, ನನ್ನ ಕಡೆ ನೋಡದೆ ಕೇಳಿದಳು.

"ನಮ್ಮ ಪದ್ದಿಗೆ ಇದು ಮೊದ್ಲ ಗೊತ್ತಿತ್ತೇನ್ರಿ ಅಕ್ಕಾರ?"

ಇದಕ್ಕೆ ತಯಾರಿ ಇರಲಿಲ್ಲ. ಪ್ರವಾಸದ ಸತ್ಯ ಹೇಳಲು ಹೋದವಳು ನಾನು. ಹುಡುಗಿಯ ಸತ್ಯ ಯಾರದು?

"ಇಲ್ಲ," ಎಂದೆ. "ಮಗು. ಅವಳಿಗೇನು ಗೊತ್ತು."

ಆಗ ನನ್ನ ಮುಖ ನೋಡಿದಳು.

"ಅವರಪ್ಪನ್ನ ಕೇಳ್ತೀನ್ರಿ," ಎಂದಳು. ರೊಟ್ಟಿ ಕಟ್ಟಿಕೊಟ್ಟಳು. ತೆಗೆದುಕೊಂಡು ಹೊರಟೆ.

ಸತ್ಯ, ಸತ್ಯ ಎಂದು ಲೀಲಾಧರನ ಹೋಟೆಲಿನಲ್ಲಿ ಮೇಜು ಗುದ್ದಿದವಳು. ಎದುರು ಕೂತ ತಾಯಿಗೆ ನೇರ ಸುಳ್ಳು. ನಾಲಿಗೆ ತಡವರಿಸಲೂ ಇಲ್ಲ — ಅದೇ ಸೋಜಿಗ.

ಮೇ 15, ಶುಕ್ರವಾರ

ಫೋನಿಲ್ಲ. ಚೀಲಗಳೆಲ್ಲ ತುಂಬಿ ಆಯಿತು. ಚಿಕ್ಕವರವು ಚೌಕಳಿ, ದೊಡ್ಡವರವು ಗೀಟು. ಬದನೆಕಾಯಿ ಬಣ್ಣದ್ದು ಒಂದೇ ಬಂತು. ಪದ್ಮಾವತಿಗೆಂದು ಇಟ್ಟಿದ್ದು ಅದು. ಬೇರೆಯವರಿಗೆ ಕೊಡಬೇಕೋ ಏನೋ... ಕೊಡುವುದಿಲ್ಲ.

ಮೇ 16, ಶನಿವಾರ. ಗಾಡಿಯಲ್ಲಿ

ಕೈ ಅಲುಗುತ್ತದೆ, ಅಕ್ಷರ ಕುಣಿಯುತ್ತಿದೆ.

ಪನ್ವೇಲಿನಲ್ಲಿ ಎಲ್ಲರೂ ಬಂದು ನಿಂತರೂ ಅವರಿಲ್ಲ. ಗಾಡಿಯ ಅನೌನ್ಸ್‌ಮೆಂಟ್ ಆಯಿತು. ಕುಡಿಯುವ ನೀರಿನ ನಲ್ಲಿ ಒಣಗಿದ್ದಕ್ಕೆ ಸ್ಟೇಷನ್ ಮಾಸ್ತರರ ಹತ್ತಿರ ಹೋಗಿ ಜಗಳ ಮಾಡಬೇಕಿತ್ತು, ಅದಕ್ಕೂ ಮನಸ್ಸಿಲ್ಲ. ಲೀಲಾಧರ "ಇನ್ನು ಬರುದಿಲ್ಲ ಅಕ್ಕ, ಹತ್ತಿ" ಎನ್ನುವಾಗ ಸೇತುವೆಯ ಮೆಟ್ಟಿಲಿನಲ್ಲಿ ಕಂಡರು. ತಾಯಿ ಮಗಳು, ಬಿರುಸಿನ ನಡಿಗೆ. ದಾನಮ್ಮ ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟು "ಬರ್ತೀನ್ರಿ" ಎಂದಳು. ಅಷ್ಟೇ. ತಿರುಗಿ ನೋಡಲಿಲ್ಲ.

ಚೀಲ ಹಂಚಿದೆ. ಚಿಕ್ಕವರು ಮೊದಲು ಮಾಡಿದ್ದು — ಎಲ್ಲ ಸುರಿದು ಮತ್ತೆ ತುಂಬಿದ್ದು. ಮತ್ತೆ ಸುರಿದರು. ತಿನ್ನುವುದಕ್ಕಿಂತ ತುಂಬುವುದೇ ಆಟ! ಯಾರು ಊಹಿಸಿದ್ದರು? ಆಮೇಲೆ ಅದಲುಬದಲು ವ್ಯಾಪಾರ. ಪ್ರೇಕ್ಷಾ ಒಳಜೇಬಿನಲ್ಲಿ ಏನೋ ಇಟ್ಟು ಗುಂಡಿ ಹಾಕಿದಳು. ನಾನು ಹೊರಗೆ ನೋಡಿದೆ.

ಪದ್ಮಾವತಿ ಕಿಟಕಿಯ ಪಕ್ಕ. ಹೊಸ ಚಪ್ಪಲಿ. ಚೀಲ ಬಿಚ್ಚಿಲ್ಲ, ಮಡಿಲಲ್ಲಿ ಹಿಡಿದಿದ್ದಾಳೆ. ರೋಹಾ ದಾಟಿತು. ಆಮೇಲೆ ಎದ್ದು ನನ್ನ ಪಕ್ಕ ಬಂದು ಕೂತಳು.

"ಆಂಟಿ, ನಾ ಸೋಮವಾರನ ಹೇಳಿದ್ನಿರಿ ಅವ್ವಗ. ನಿಮಗ ಫೋನ್ ಮಾಡಿದ್ನಲ್ಲ, ಅದರ ಹಿಂದಿಂದನ. ಸುಳ್ಳ ಹೇಳಿದ್ದು ನಾನ ಅಂತನೂ."

ಸೋಮವಾರ. ನಾನು ಹೋದದ್ದು ಬುಧವಾರ.

"ಹಾಗಾದರೆ ನನ್ನನ್ನು ಕೇಳಿದಾಗ..."

"ಗೊತ್ತಿತ್ರಿ ಅಕೀಗೆ. ಕಾಯಿ, ಎಣ್ಣಿ ಎಲ್ಲಾ ಮಂದಿಗೆ ತಿರುಗಿ ಕೊಟ್ಟು ಬಂದಿದ್ಲು. ಎಲ್ಲಾರೂ ನಕ್ರು. ಎಲ್ಲೂ ಹೋಗೂದಿಲ್ಲ ನೀ, ಅಂದಿದ್ಲು ನನಗ." ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿದಳು. "ನೀವು ಬಂದು ಹೋದ ಮ್ಯಾಲೆ ಅಪ್ಪನ ಕೂಡ ಅಕೀನ ಜಗಳಾ ಮಾಡಿದ್ಲು. ಗುಡಿ ಅಲ್ಲ ಅಂತ ಖರೇನ ಹೇಳಿದ್ಲು. ಎರಡ ದಿನ ಅಪ್ಪ ಮಾತಾಡಿಲ್ಲ. ನಿನ್ನೆ ಚಪ್ಪಲ್ ತಂದ."

"ಮನಸ್ಸು ಹೇಗೆ ಬದಲಾಯಿತು ನಿನ್ನವ್ವನದು? ನಾನು ಹೋದ ಮೇಲೆ ಏನೆಂದಳು?"

ಹೇಳಲೋ ಬೇಡವೋ ಎಂದು ನೋಡಿದಳು. ಆಮೇಲೆ ತಾಯಿಯ ದನಿಯಲ್ಲೇ:

"ಆ ಅಕ್ಕಾರು ತಮ್ಮ ಸಲುವಾಗಿ ಸುಳ್ಳ ಹೇಳೂ ಪೈಕಿ ಅಲ್ಲ. ನಿನ್ನ ಸಲುವಾಗಿ ನನ್ನ ಮುಂದ ಹೇಳಿದ್ರು. ಅವರ ಕೂಡ ಹೋದ್ರ ನಿನಗೇನೂ ಆಗಂಗಿಲ್ಲ. ಹೋಗು."

ಈ ಪುಸ್ತಕ ತೆಗೆದು ಬರೆಯತೊಡಗಿದೆ. ಅವಳು ಮತ್ತೆ ಕಿಟಕಿಯ ಸರಳಿಗೆ ಮುಖ ಒತ್ತಿ ಕೂತಿದ್ದಾಳೆ. ಗುಡ್ಡ ಹತ್ತಿರವಾಗುತ್ತಿದೆ. "ಆಂಟಿ, ಬೋಗದಾ ಬಂತ್ರಿ, ಕಿವಿ ಬಿಟ್ಟ ಕುಂದರ್ರಿ, ಏನಾಕ್ಕೈತಿ ನೋಡೂನು" ಎನ್ನುತ್ತಿದ್ದಾಳೆ. ಬೋಗಿಯಲ್ಲಿ ದೀಪ ಹಾಕಿಲ್ಲ, ಅಕ್ಷರ ಕಾಣ—