ಕೆಮ್ಮಣ್ಣಿನ ಎರಡು ಗೆರೆ

ನಮ್ಮ ಮಕ್ಕಳ ಚಿತ್ರಪುಸ್ತಕಗಳಿಗೆ ಬೀಗ ಜಡಿಸಿ ಕೀಲಿಯನ್ನು ಕಚೇರಿಗೆ ಒಯ್ದಿರುವ ಮಾನ್ಯ ಅಧಿಕಾರಿಗಳೇ,

ಆರು ತಿಂಗಳಾಯಿತು. ಇಪ್ಪತ್ತೆರಡು ಪುಸ್ತಕಗಳೂ ತಗಡಿನ ಪೆಟ್ಟಿಗೆಯಲ್ಲಿ ಕ್ಷೇಮವಾಗಿವೆ. ಒಂದೂ ಹರಿದಿಲ್ಲ, ಒಂದೂ ಮಾಸಿಲ್ಲ, ಒಂದನ್ನೂ ಯಾರೂ ಓದಿಲ್ಲ. ನನ್ನ ಹದಿನಾಲ್ಕು ವರ್ಷದ ಅಂಗನವಾಡಿ ಕೆಲಸದಲ್ಲಿ ಮೇಲಿನವರ ಆದೇಶವೊಂದು ಇಷ್ಟು ಅಚ್ಚುಕಟ್ಟಾಗಿ ಪಾಲನೆಯಾದದ್ದು ಇದೇ ಮೊದಲು. ಆ ಪೆಟ್ಟಿಗೆ ತೆರೆಸಿ ಎಂದು ಮೂರು ಅರ್ಜಿ ಕೊಟ್ಟೆ. ಉತ್ತರವಿಲ್ಲ. ಅದಕ್ಕೇ ಈಗ ಈ ಬಹಿರಂಗ ಪತ್ರ ಬರೆದು ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ತಂಬ್ರಹಳ್ಳಿ ಹತ್ತಿರದ ನಮ್ಮೂರಿನ ಕುರಿಗಾರರ ಮಕ್ಕಳು ದೀಪಾವಳಿಯಾದ ಮೇಲೆ ಅಂಗನವಾಡಿಗೆ ಬರುವುದಿಲ್ಲ. ಹಿಂಡಿನ ಜೊತೆ ಹಂಪಸಾಗರದ ಕಡೆ ಹೊಳೆದಂಡೆಗೆ ಹೋಗುತ್ತಾರೆ. ಬರುವಷ್ಟರಲ್ಲಿ ಕಲಿತದ್ದೆಲ್ಲ ಮರೆತಿರುತ್ತದೆ. ಹೋದ ವರ್ಷ ಅವರ ಕೈಗೆ ಒಂದೊಂದು ಪುಸ್ತಕ ಕೊಟ್ಟು ಕಳಿಸಿದೆ. ಈಗ ಐದು ತುಂಬಿರುವ ಚಂದನಾಗೆ ಸಿಕ್ಕಿದ್ದು ಆನೆ ಸ್ನಾನ ಮಾಡುವ ಪುಸ್ತಕ. ಅವಳ ಅಜ್ಜಿ ಮರುಳಸಿದ್ದಮ್ಮನಿಗೆ ಓದು ಬಾರದು. ಆದರೆ ಸರ್ಕಾರದ ವಸ್ತು ಕಳೆಯಬಾರದೆಂಬ ಭಯ ಚೆನ್ನಾಗಿ ಗೊತ್ತು. ಹಿಂಡುಗಳು ಬೆರೆತಾಗ ಗುರುತು ಸಿಗಲೆಂದು ತಮ್ಮ ಕುರಿಗಳ ಬೆನ್ನಿಗೆ ಹಾಕುವ ಕೆಮ್ಮಣ್ಣಿನ ಎರಡು ಗೆರೆಗಳನ್ನು ಆಕೆ ಪುಸ್ತಕದ ಪ್ರತಿ ಪುಟಕ್ಕೂ ಎಳೆದಳು.

ಪುಸ್ತಕ ನಿಜಕ್ಕೂ ಕಳೆಯಿತು. ಅವರು ಬಿಟ್ಟುಹೋದ ಹೊಲದಲ್ಲಿ ಅದು ಬೇರೊಂದು ಹಿಂಡಿನ ಕುರಿಗಾರ ದೊಡ್ಡಬೀರಪ್ಪನಿಗೆ ಸಿಕ್ಕಿತು. ಆತನಿಗೂ ಓದು ಬಾರದು. ಗೆರೆ ನೋಡಿ, ಎರಡು ದಿನ ನಡೆದು ಬಂದು ಕೊಟ್ಟನಂತೆ: "ನಿಮ್ಮ ಹಿಂಡಿಂದು ಇದೊಂದು ತಪ್ಪಿಸ್ಕೊಂಡಿತ್ತು, ತಗೋರಿ." ಯುಗಾದಿಗೆ ಊರಿಗೆ ಬಂದ ಚಂದನಾ ನನ್ನ ಮುಂದೆ ಕುಳಿತು, ಅಕ್ಷರದ ಮೇಲೆ ಬೆರಳಿಟ್ಟು, "ಆನೆ" ಎಂದು ಓದಿದಳು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅವಳ ಚಿಕ್ಕಪ್ಪ ಹೇಳಿಕೊಟ್ಟಿದ್ದ.

ಅದೇ ವಾರ ತಾವು ತಪಾಸಣೆಗೆ ದಯಮಾಡಿಸಿದಿರಿ. ಪುಸ್ತಕ ಎತ್ತಿ ಹಿಡಿದು, ಸರ್ಕಾರಿ ಆಸ್ತಿಯನ್ನು ವಿರೂಪಗೊಳಿಸಲಾಗಿದೆ ಎಂದು ಬರೆಸಿದಿರಿ. ಮರುಳಸಿದ್ದಮ್ಮ ಕೈಮುಗಿದು, "ಕೆಡಿಸಿಲ್ರಿ ಸಾಹೇಬ್ರ, ಕಳೀಬಾರ್ದಂತ ಗುರ್ತು ಹಾಕೀನ್ರಿ" ಅಂದಳು. ತಮಗೆ ಕೇಳಿಸಿತ್ತು, ಏಕೆಂದರೆ ತಾವು ನಕ್ಕಿರಿ. ಒಂದು ಸಣ್ಣ ಸಂದೇಹ: ಅದೇ ಪುಸ್ತಕದ ಮೊದಲ ಪುಟದಲ್ಲಿ, ಆನೆಯ ಸೊಂಡಿಲ ಮೇಲೇ, ತಮ್ಮ ಕಚೇರಿಯ ನೇರಳೆ ಮೊಹರು ಬಿದ್ದಿದೆಯಲ್ಲ, ಅದನ್ನು ಯಾತಕ್ಕೆ ಹಾಕಿದ್ದು? ಕಳೆಯಬಾರದೆಂದೇ ಅಲ್ಲವೇ? ತಮ್ಮ ಮೊಹರು ನೋಡಿ ಯಾರಾದರೂ ಎರಡು ದಿನ ನಡೆದು ಏನನ್ನಾದರೂ ವಾಪಸು ತಂದುಕೊಟ್ಟ ಉದಾಹರಣೆ ಇದ್ದರೆ ದಯವಿಟ್ಟು ತಿಳಿಸಿ.

ಅಂದು ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಮಜಾಯಿಷಿ ಬರೆದುಕೊಟ್ಟೆ, ತಾವು ಹೇಳಿದಂತೆ ಪುಸ್ತಕಗಳನ್ನೆಲ್ಲ ಪೆಟ್ಟಿಗೆಯಲ್ಲಿ ಜೋಡಿಸಿದೆ, ಸಹಿ ಹಾಕಿದೆ. ಚಂದನಾ ದಿನಾ ಕೇಳುತ್ತಿದ್ದಳು: "ಟೀಚರ್, ಆನಿ ಯಾವಾಗ ಬರ್ತೈತ್ರಿ?" ನಾಳೆ ಅನ್ನುತ್ತಿದ್ದೆ. ಮಳೆಗಾಲ ಕಳೆಯುವಷ್ಟರಲ್ಲಿ ಕೇಳುವುದನ್ನು ಬಿಟ್ಟಳು. ಹೋದ ವಾರ ಹಲಗೆಯ ಮೇಲೆ ಆನೆ ಎಂದು ಬರೆದು ಅವಳನ್ನು ಕರೆದೆ. ಸ್ವಲ್ಪ ಹೊತ್ತು ನೋಡಿ, "ಗೊತ್ತಿಲ್ರಿ" ಅಂದಳು. ನನಗೆ ಅಳುವೂ ಬರಲಿಲ್ಲ. ಹಲಗೆ ಒರೆಸಿ ಉಪ್ಪಿಟ್ಟು ಬಡಿಸಲು ಹೋದೆ. ಹೀಗೆ ಏನೂ ಅನ್ನಿಸದಂತಾಗಿದೆ, ಅದನ್ನೂ ತಪಾಸಣಾ ವರದಿಯಲ್ಲಿ ಸೇರಿಸಿಕೊಳ್ಳಿ.

ದೀಪಾವಳಿಗೆ ಇನ್ನು ಹದಿನೆಂಟು ದಿನ. ಹಿಂಡು ಹೊರಡುವ ಮೊದಲು ಕೀಲಿ ಕಳಿಸಿ. ಜೊತೆಗೆ, ಮಕ್ಕಳ ಕೈಯಲ್ಲಿ ಪುಸ್ತಕ ಮಾಸಿದರೆ ಅದು ತಪ್ಪಲ್ಲ ಎಂದು ಒಂದು ಸಾಲು ಬರೆದುಕೊಡಿ. ನಿನ್ನೆ ಮರುಳಸಿದ್ದಮ್ಮ ಬಂದಿದ್ದಳು. "ಈ ಸಲ ಗುರ್ತು ಹಾಕಂಗಿಲ್ಲಂತ ಸಾಹೇಬ್ರಿಗೆ ಬರೀರಿ. ತಪ್ಪು ನಂದು, ಕೂಸಿಂದಲ್ಲಂತ ಬರೀರಿ" ಅಂದಳು.

ಬರೆದಿದ್ದೇನೆ.

ಇಂತಿ,
ಪುಸ್ತಕದ ಪೆಟ್ಟಿಗೆಯ ಮೇಲೆ ಕುಳಿತು ಅಕ್ಷರ ಕಲಿಸುತ್ತಿರುವ
ಶಿವಬಸಮ್ಮ
ಅಕ್ಟೋಬರ್ ೨೦೦೩